ಸಂಡಿಗೆ ಒಲೆಯ ಮೂರು ಕಲ್ಲು

ಎಲ್ಲ ಕೆಡಲು ಶುರುವಾದದ್ದು ಬೆಳಗಿನ ಆರೂಕಾಲು ಗಂಟೆಗೆ. ಇಷ್ಟು ಖಚಿತವಾಗಿ ಹೇಳಬಲ್ಲೆ, ಏಕೆಂದರೆ ಚಿಕ್ಕಪ್ಪ ಆಗಷ್ಟೇ ಸ್ಟೂಲು ಹತ್ತಿ ನಡುಮನೆಯ ಗೋಡೆ ಗಡಿಯಾರಕ್ಕೆ ಕೀ ಕೊಡುತ್ತಿದ್ದ. ಹಿತ್ತಲಿನಿಂದ ಅಜ್ಜಿ ಅವನನ್ನು ಕೂಗಿದಳು. ಶಿವರಾತ್ರಿ ಕಳೆದು ಬಿಸಿಲು ಬಲಿತಿತ್ತು. ವರ್ಷದ ಸಂಡಿಗೆ ಇಡುವ ದಿನ ಅದು. ಅಜ್ಜಿ ತಲೆಗೆ ನೀರು ಹಾಕಿಕೊಂಡು, ಒದ್ದೆ ಸೀರೆಯಲ್ಲಿ ಮಡಿಯಾಗಿ, ರುಬ್ಬಿದ ಅಕ್ಕಿ ಹಿಟ್ಟಿನ ಕೊಳದಪ್ಪಲೆಯ ಪಕ್ಕ ನಿಂತಿದ್ದಳು. ಆ ಕೊಳದಪ್ಪಲೆ ಹಿತ್ತಾಳೆಯದು, ನಾನು ಒಳಗೆ ಕೂತರೂ ಇನ್ನೂ ಜಾಗ ಉಳಿಯುವಷ್ಟು ದೊಡ್ಡದು. ಅದನ್ನು ಅಡುಗೆಮನೆಯ ಒಲೆಯ ಮೇಲೆ ಇಡಲಾಗುತ್ತಿರಲಿಲ್ಲ, ಹಿತ್ತಲಲ್ಲಿ ಬೇರೆ ಒಲೆ ಹೂಡಬೇಕು.

"ಸೀನ, ಮೂರು ಕಲ್ಲು ಬೇಕು ಕಣೋ."

"ಅಲ್ಲೇ ಬಿದ್ದಿದೆಯಲ್ಲಮ್ಮ, ಹೋದ ವರ್ಷದ್ದು."

"ಅದರ ಮೇಲೆ ನಾಯಿ ಮಲಗತ್ತೆ. ಸೌದೆಯವನು ಬೇರೆ ಕಾಲಿಟ್ಟು ನಿಂತಿದ್ದ. ಯಾರೂ ತುಳೀದೆ ಇರೋದು ತಗೊಂಡ್ಬಾ."

"ಯಾರೂ ತುಳೀದೆ ಇರೋ ಕಲ್ಲನ್ನ ಎಲ್ಲಿ ಹುಡುಕ್ಲಮ್ಮ? ಚಂದ್ರಲೋಕದಿಂದ ತರ್ಲಾ?"

"ಎಲ್ಲಿಂದಾದ್ರೂ ತಾ. ಹಿಟ್ಟು ಹುಳಿ ಬರತ್ತೆ, ನಿಂತ್ಕೊಂಡು ವಾದ ಮಾಡ್ಬೇಡ."

ಚಿಕ್ಕಪ್ಪ ಬಿ.ಎ. ಓದುತ್ತಿದ್ದ. ವಾದದಲ್ಲಿ ಯಾರಿಗೂ ಸೋಲದವನು, ಅವನ ತಾಯಿಗೆ ಮಾತ್ರ ಸೋಲುತ್ತಿದ್ದ. ಹೋದ, ಸ್ವಲ್ಪ ಹೊತ್ತಿಗೆ ಒಂದೊಂದಾಗಿ ಮೂರು ಬೂದುಬಣ್ಣದ ಕಲ್ಲು ಹೊತ್ತು ತಂದ. ಆಳೊಬ್ಬ ಉಳಿಯಲ್ಲಿ ಕೆತ್ತಿದ್ದ, ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳು ಇದ್ದ ಕಲ್ಲುಗಳು. ಅಜ್ಜಿ ಅವುಗಳ ಮೇಲೆ ನೀರು ಚಿಮುಕಿಸಿ, ತಿರುಗಿಸಿ ನೋಡಿದಳು. ಕೆಸರಿಲ್ಲ, ಹೆಜ್ಜೆ ಗುರುತಿಲ್ಲ.

"ನೋಡು, ಹುಡುಕಿದ್ರೆ ಸಿಗತ್ತೆ" ಎಂದಳು. ಎಲ್ಲಿಂದ ತಂದೆ ಎಂದು ಕೇಳಲಿಲ್ಲ. ಅವನೂ ಹೇಳಲಿಲ್ಲ. ಅವು ನಮ್ಮ ಮನೆಯ ಎದುರಿಗೆ ಹೂಳಲೆಂದು ತಂದು ಹಾಕಿದ್ದ ದೊಡ್ಡ ಸಿಮೆಂಟು ಮೋರಿ ಪೈಪು ಉರುಳದಂತೆ ಅದರ ಅಡಿಗೆ ಕೊಟ್ಟಿದ್ದ ಕಲ್ಲುಗಳು. ಪೈಪಿನ ಹೊಟ್ಟೆಯ ಕೆಳಗಿದ್ದದ್ದರಿಂದ ಅವನ್ನು ನಿಜಕ್ಕೂ ಯಾರೂ ತುಳಿದಿರಲಿಲ್ಲ. ಚಿಕ್ಕಪ್ಪ ಕಲ್ಲು ತೆಗೆದ ಮೇಲೆ ಪೈಪಿಗೆ ಭುಜ ಕೊಟ್ಟು ತಳ್ಳಿ ನೋಡಿದ್ದನಂತೆ. ಅದು ಅಲುಗಿರಲಿಲ್ಲ.

ನಮ್ಮ ಮನೆ ಇದ್ದದ್ದು ಜಯನಗರದ ತೆಂಕಣ ಅಂಚಿನಲ್ಲಿ. ಬೀದಿಗೆ ಇನ್ನೂ ಡಾಂಬರು ಬಿದ್ದಿರಲಿಲ್ಲ. ಎರಡು ಮನೆ, ಆಮೇಲೆ ಖಾಲಿ ಸೈಟು, ಆಮೇಲೆ ಲಂಟಾನ ಪೊದೆ, ಅದರಾಚೆ ಸಾರಕ್ಕಿಯವರ ಗದ್ದೆ, ಹೂದೋಟ, ಕೆರೆ. ಸಿಟಿಯಲ್ಲಿದ್ದ ನೆಂಟರು ನಮ್ಮನ್ನು ನೋಡಲು ಬರುವಾಗ ಬುತ್ತಿ ಕಟ್ಟಿಕೊಂಡು ಬರುತ್ತೇವೆ ಎಂದು ತಮಾಷೆ ಮಾಡುತ್ತಿದ್ದರು. ಅಪ್ಪ ಬೆಳಿಗ್ಗೆ ಬಸ್ಸು ಹತ್ತಿ ಆಫೀಸಿಗೆ ಹೋದರೆ ದೀಪ ಹಚ್ಚುವ ಹೊತ್ತಿಗೆ ಬರುತ್ತಿದ್ದರು. ಅವರಿಲ್ಲದ ಹೊತ್ತಿನಲ್ಲಿ ಮನೆ ಎರಡು ರಾಜ್ಯಗಳಾಗಿ ಹಂಚಿಹೋಗುತ್ತಿತ್ತು. ಅಡುಗೆಮನೆ, ದೇವರ ಮನೆ, ಹಿತ್ತಲು ಅಜ್ಜಿಯವು. ಕೆಂಪು ಗಾರೆಯ ವೆರಾಂಡ ಅಮ್ಮನದು. ನಡುಮನೆಯಲ್ಲಿ ನಾನು ಮತ್ತು ಚಿಕ್ಕಪ್ಪ ಯಾರು ಕರೆದರೆ ಅವರ ಕಡೆಗೆ ಓಡುವ ಪ್ರಜೆಗಳು.

ಅಮ್ಮ ಎಸ್ಸೆಸ್ಸೆಲ್ಸಿ ಪಾಸು ಮಾಡಿದ್ದಳು. ಟೀಚರ್ ಆಗಬೇಕೆಂದಿದ್ದವಳು ಆಗಿರಲಿಲ್ಲ. ಆ ಆಸೆಗೆ ದಾರಿ ಸಿಕ್ಕಿದ್ದು ಸೊಪ್ಪಿನ ಬುಟ್ಟಿಯ ಮುಂದೆ. ಸಾರಕ್ಕಿಯ ಮುನಿಯಪ್ಪ ದಿನಾ ಸೊಪ್ಪು ತರುತ್ತಿದ್ದ, ಜೊತೆಯಲ್ಲಿ ಅವನ ಮಗಳು ಲಕ್ಕಿ. ಎಣ್ಣೆ ಹಚ್ಚಿ ಬಿಗಿಯಾಗಿ ಹೆಣೆದ ಎರಡು ಜಡೆ, ಯಾವಾಗಲೂ ಕೆಳಗೆ ನೋಡುವ ಕಣ್ಣು.

"ಯಾವ ಕ್ಲಾಸಮ್ಮ?" ಎಂದು ಅಮ್ಮ ಸಂಡಿಗೆಗೆ ಕೆಲವು ತಿಂಗಳು ಮುಂಚೆ ಒಂದು ದಿನ ಕೇಳಿದ್ದಳು.

"ಮೂರನೇ ಕ್ಲಾಸು."

"ಹೋದ ವರ್ಷ ಕೇಳಿದಾಗ್ಲೂ ಮೂರನೇ ಕ್ಲಾಸು ಅಂದಿದ್ದೆ?"

"ಈ ವರ್ಸಾನೂ ಅದೇಯ" ಎಂದು ಮುನಿಯಪ್ಪನೇ ನಕ್ಕ. "ಬುಕ್ಕು ಕೈಗ್ ಕೊಟ್ರೆ ಬಾಯೇ ಬಿಡಕ್ಕಿಲ್ಲ ಕಣ್ರವ್ವ. ಎಮ್ಮೆ ಹಿಂದೆ ಹೋದಾಗ ಮಾತ್ರ ಊರಿಗೆಲ್ಲ ಕೇಳ್ಸಂಗೆ ಕೂಗ್ತದೆ. ಈ ಸಲಾನೂ ಡುಮ್ಕಿ ಹೊಡುದ್ರೆ ಸ್ಕೂಲ್ ಬಿಡ್ಸಿ ಹೂವ ಕೀಳಕ್ಕೆ ಹಾಕೋದೇಯ."

ಲಕ್ಕಿ ಕೊತ್ತಂಬರಿ ಕಟ್ಟನ್ನು ಎದೆಗೆ ಅವುಚಿಕೊಂಡು ನಿಂತಿದ್ದಳು. ಅವಳ ಕಣ್ಣಲ್ಲಿ ನೀರು ತುಂಬಿದ್ದು ನನಗೆ ಕಂಡಿತು, ಅಮ್ಮನಿಗೂ ಕಂಡಿರಬೇಕು.

"ಸಂಜೆ ಹೊತ್ತು ನಮ್ಮನೆಗೆ ಕಳ್ಸಪ್ಪ. ಏನೂ ಕೊಡೋದು ಬೇಡ. ನಾನು ಓದಿಸ್ತೀನಿ."

ಒಬ್ಬಳು ಬಂದಳು, ಅವಳ ಹಿಂದೆ ಹೀಗೇ ಓದಲು ಬಾರದೆ ಹಿಂದೆ ಬಿದ್ದಿದ್ದ ಇನ್ನೂ ಕೆಲವರು ಬಂದರು. ಅಮ್ಮ ಅವರ ಕೈಗೆ ಪಾಠದ ಪುಸ್ತಕ ಕೊಡಲಿಲ್ಲ. ಮೊದಲು ಏನಾದರೂ ಹೇಳಿ ಎನ್ನುತ್ತಿದ್ದಳು. ಅವರು ಹೇಳಿದ್ದನ್ನು ಹೇಳಿದ ಹಾಗೇ, ಒಂದಕ್ಷರ ತಿದ್ದದೆ, ಬಟ್ಟೆಯಂಗಡಿಯ ಖಾಕಿ ಕಾಗದದ ಮೇಲೆ ದಪ್ಪಕ್ಷರದಲ್ಲಿ ಬರೆದು ಅವರಿಗೇ ಓದಲು ಕೊಡುತ್ತಿದ್ದಳು. ತಮ್ಮ ಬಾಯಿಂದ ಬಂದ ಮಾತಾದ್ದರಿಂದ ಮುಂದೇನು ಬರುತ್ತದೆ ಎಂಬುದು ಅವರಿಗೆ ಗೊತ್ತಿರುತ್ತಿತ್ತು, ಕಣ್ಣು ಧೈರ್ಯವಾಗಿ ಮುಂದೆ ಹೋಗುತ್ತಿತ್ತು. ಅಜ್ಜಿ ಬಾಗಿಲ ಬಳಿ ಹತ್ತಿ ಬತ್ತಿ ಹೊಸೆಯುತ್ತಾ ಕೂತು, ಯಾರು ಓದಿ ಮುಗಿಸಿದರೂ "ಆಮೇಲೆ?" ಎನ್ನುತ್ತಿದ್ದಳು. ಅವಳ ಆ ಒಂದು ಪ್ರಶ್ನೆಗೆ ಮಕ್ಕಳು ಇನ್ನೊಂದು ಕಥೆ ಹೇಳಬೇಕಾಗುತ್ತಿತ್ತು, ಅಮ್ಮ ಬರೆಯಬೇಕಾಗುತ್ತಿತ್ತು. ಕೊನೆಗೆ ಎಲ್ಲರಿಗೂ ಪುರಿ ಕಡಲೆ. ಅದನ್ನು ಹಂಚುವವಳೂ ಅಜ್ಜಿಯೇ, ಆದರೆ ಮಕ್ಕಳ ಬೊಗಸೆಗೆ ಒಂದು ಮೊಳ ಮೇಲಿನಿಂದ ಸುರಿಯುತ್ತಿದ್ದಳು. ಸೋಂಕಬಾರದಲ್ಲ. ಗಾಳಿ ಬೀಸಿದ ದಿನ ಅರ್ಧ ಪುರಿ ಗುಬ್ಬಿಗಳ ಪಾಲು.

ಲಕ್ಕಿಯ ಕಾಗದದಲ್ಲಿ ಇದ್ದದ್ದು ಅವರ ಎಮ್ಮೆಯ ಸಮಾಚಾರ. 'ನಮ್ಮೆಮ್ಮೆ ಕೆರೆಗೆ ಇಳೀತು. ನಮ್ಮಪ್ಪ ಬಾ ಅಂದ್ರು. ಬರ್ಲಿಲ್ಲ. ನಮ್ಮಣ್ಣ ಬಾ ಅಂದ್ರು. ಬರ್ಲಿಲ್ಲ. ನಮ್ಮವ್ವ ಬಾ ಅಂದ್ರು. ಬಂತು.' ಅವಳ ಕಣ್ಣು ಸಾಲಿನ ಮೇಲೆ ಓಡುವುದು ಕಾಣುತ್ತಿತ್ತು, ತುಟಿ ಅಲುಗುತ್ತಿತ್ತು, ದನಿ ಮಾತ್ರ ಬರುತ್ತಿರಲಿಲ್ಲ. ಶಾಲೆಯಲ್ಲಿ ಯಾರೋ ನಕ್ಕಿದ್ದರು, ಅಂದಿನಿಂದ ಓದುವಾಗ ಗಂಟಲು ಕಟ್ಟುತ್ತಿತ್ತು. ಪರೀಕ್ಷೆಯಲ್ಲಿ ಮೇಷ್ಟ್ರ ಮುಂದೆ ಗಟ್ಟಿಯಾಗಿ ಓದಲೇಬೇಕು. ಒಂದು ಸಂಜೆ ಅವಳು ಕಾಣಲಿಲ್ಲ. ಹುಡುಕಿದರೆ, ಎದುರಿನ ಮೋರಿ ಪೈಪಿನೊಳಗಿಂದ ಯಾವುದೋ ದೊಡ್ಡ ಹೆಂಗಸಿನ ದನಿ ಗುಂಯ್‌ಗುಟ್ಟುತ್ತಿತ್ತು. ಬಗ್ಗಿ ನೋಡಿದರೆ ಲಕ್ಕಿ. ಪೈಪಿನೊಳಗೆ ಅವಳ ದನಿ ನಾಲ್ಕರಷ್ಟಾಗಿ ಅವಳ ಕಿವಿಗೇ ಬಂದು ಬೀಳುತ್ತಿತ್ತು, ಅದನ್ನು ಕೇಳಿ ಅವಳಿಗೇ ಖುಷಿ. ಎಮ್ಮೆಯನ್ನು ಕರೆದಂತೆ ಓದುತ್ತಿದ್ದಳು.

"ಅಲ್ಲೇ ಓದ್ಲಿ ಬಿಡು" ಎಂದಳು ಅಮ್ಮ. ಅಂದಿನಿಂದ ಲಕ್ಕಿಯ ಪಾಠಕ್ಕೆ ಪೈಪೇ ಶಾಲೆ. ಓದುವಾಗ ಹಿಂದಕ್ಕೂ ಮುಂದಕ್ಕೂ ತೂಗುವ ಅಭ್ಯಾಸ ಅವಳಿಗೆ. ಕಾಲು ಮಡಚಿ, ಬೀದಿಯ ಇಳಿಜಾರಿನ ಕಡೆಗೆ ಮುಖ ಮಾಡಿ ಕೂತು ತೂಗುತ್ತಿದ್ದಳು.

ಸಂಡಿಗೆ ಇಟ್ಟ ಆ ಶನಿವಾರ ಸಂಜೆ ನಾನು ತಾರಸಿಯ ಮೇಲೆ ಕೊಡೆ ಹಿಡಿದು ಕೂತಿದ್ದೆ. ಕಾಗೆಗಳಿಂದ ಸಂಡಿಗೆ ಕಾಯುವುದು ನನ್ನ ಕೆಲಸ. ಹಳೆಯ ಪಂಚೆಗಳ ಮೇಲೆ ಸಾಲುಸಾಲು ಸಂಡಿಗೆ, ಬಿಸಿಲಿಗೆ ಅಂಚು ಮುದುರಿ, ಇಂಗು ಮೆಣಸಿನಕಾಯಿಯ ವಾಸನೆ. ಯಾರೂ ನೋಡದಾಗ ಅರೆ ಒಣಗಿದ ಒಂದನ್ನು ಬಾಯಿಗೆ ಹಾಕಿಕೊಳ್ಳುವುದು ಈ ಕೆಲಸದ ಸಂಬಳ. ಕೆಳಗೆ ವೆರಾಂಡದಲ್ಲಿ ಅಮ್ಮ ಬೇರೆ ಮಕ್ಕಳನ್ನು ಓದಿಸುತ್ತಿದ್ದಳು. ಎದುರಿನ ಪೈಪಿನಿಂದ ಲಕ್ಕಿಯ ದನಿ ಮೇಲಿನವರೆಗೂ ಬರುತ್ತಿತ್ತು. 'ನಮ್ಮಪ್ಪ ಬಾ ಅಂದ್ರು. ಬರ್ಲಿಲ್ಲ.' ಅವಳು ತೂಗಿದಳು. ಪೈಪೂ ತೂಗಿತು. ನನಗೆ ಮೊದಲು ತಲೆ ಸುತ್ತುತ್ತಿದೆ ಅನ್ನಿಸಿತು. ಎರಡನೆಯ ಸಲ ತೂಗಿದಾಗ ಪೈಪು ಇನ್ನಷ್ಟು ಮುಂದೆ ಹೋಗಿ ಹಿಂದೆ ಬಂತು, ಅವಳನ್ನು ಅನುಕರಿಸುತ್ತಿರುವ ಹಾಗೆ. ಮೂರನೆಯ ಸಲ ಅದು ಹಿಂದೆ ಬರಲಿಲ್ಲ.

ಬೀದಿಯ ತುದಿಯಲ್ಲಿ ಪೈಪು ಹೂಳಲು ತೋಡಿದ್ದ ಹಳ್ಳವಿತ್ತು, ಆಳು ನಿಂತರೆ ತಲೆ ಕಾಣದಷ್ಟು ಆಳ. ಪೈಪು ಅತ್ತ ಹೊರಟಿತು. ಓಡಲಿಲ್ಲ, ಅದೇ ಭಯಂಕರ. ಪೇಟೆಗೆ ಹೊರಟ ಯಜಮಾನನಂತೆ ನಿಧಾನವಾಗಿ ಹೊರಟು ಆಮೇಲೆ ಬಿರುಸಾಯಿತು. ನಾನು ಬಾಯಿ ತೆರೆದೆ. ದನಿ ಬರಲಿಲ್ಲ. ಕೊಡೆ ಬಿಟ್ಟೆ, ತಾರಸಿಯ ಗೋಡೆ ಹಿಡಿದೆ, ಮತ್ತೆ ಬಾಯಿ ತೆರೆದೆ. ನನ್ನ ಗಂಟಲಿನಲ್ಲಿ ಏನೂ ಇಲ್ಲ. ಆದರೆ ಲಕ್ಕಿಯ ದನಿ ಇತ್ತು. ಉರುಳುವ ಪೈಪಿನೊಳಗಿಂದ ಸುತ್ತಿಕೊಂಡು ಬರುತ್ತಿತ್ತು, 'ಬರ್ಲಿಲ್ಲ, ಬರ್ಲಿಲ್ಲ' ಎಂದು. ಹಳ್ಳದ ಈಚೆ ಅದೇ ಹಳ್ಳದಿಂದ ಎತ್ತಿ ಹಾಕಿದ್ದ ಕೆಂಪು ಮಣ್ಣಿನ ಗುಡ್ಡೆಯಿತ್ತು. ಪೈಪು ಅದನ್ನು ಅರ್ಧ ಹತ್ತಿತು, ನಿಂತಿತು, ಯೋಚಿಸಿದಂತೆ ಮಾಡಿತು, ಹಿಂದಕ್ಕೆ ಇಳಿಯಿತು, ಮತ್ತೆ ಸ್ವಲ್ಪ ಹತ್ತಿ ಅಲ್ಲೇ ಕೂತುಬಿಟ್ಟಿತು.

ಅಮ್ಮ ಸೆರಗು ಬೀಳುವುದನ್ನೂ ನೋಡದೆ ಓಡಿದಳು. ಎಳೆದು ಹೊರಗೆ ತಂದಾಗ ಲಕ್ಕಿಯ ಮೊಣಕೈ ತರಚಿತ್ತು, ಹಣೆಯ ಮೇಲೆ ನೆಲ್ಲಿಕಾಯಿಯಷ್ಟು ಬುಗುಟು. ಕಾಗದ ಕೈಯಲ್ಲೇ ಇತ್ತು.

"ಇನ್ನೂ ಒಂದ್ ಸಾಲು ಐತೆ ಅಮ್ಮಾವ್ರೇ" ಎಂದಳು.

ಅಮ್ಮ ನಕ್ಕಳು, ನಗುತ್ತಲೇ ಅತ್ತಳು, ಅಳುತ್ತಲೇ ಅವಳನ್ನು ಸೊಂಟದ ಮೇಲೆ ಎತ್ತಿಕೊಂಡು ಮನೆಗೆ ಬಂದಳು. ಆ ಹೊತ್ತಿಗೆ ತಾರಸಿಯ ಮೇಲೆ ಕಾಗೆಗಳು ಸಂಡಿಗೆಯ ಊಟಕ್ಕೆ ಕೂತಿದ್ದವು.

ಮುಂದೆ ನಾನು ಬಿ.ಎಸ್ಸಿ. ಓದುವಾಗ ಭೌತಶಾಸ್ತ್ರದ ಮೇಷ್ಟ್ರು ಇಳಿಜಾರಿನ ಮೇಲೆ ಉರುಳುವ ಪೊಳ್ಳು ಸಿಲಿಂಡರಿನ ಲೆಕ್ಕ ಬೋರ್ಡಿನ ಮೇಲೆ ಹಾಕಿದರು. ಕ್ಲಾಸೆಲ್ಲ ಬರೆದುಕೊಳ್ಳುತ್ತಿತ್ತು, ನಾನು ಎದ್ದು ಹೋಗಿ ನೀರು ಕುಡಿದೆ. ಆ ಲೆಕ್ಕವನ್ನು ಅವತ್ತಿನಿಂದ ಇವತ್ತಿನವರೆಗೆ ಎಷ್ಟೋ ಸಲ ಮನಸ್ಸಿನಲ್ಲೇ ಮಾಡಿದ್ದೇನೆ. ಮಣ್ಣಿನ ಗುಡ್ಡೆ ಒಂದು ಗೇಣು ಕಡಿಮೆ ಇದ್ದಿದ್ದರೆ ಎಂಬಲ್ಲಿಗೆ ಬಂದು ನಿಲ್ಲಿಸುತ್ತೇನೆ.

ಪೈಪು ಉರುಳಿದ ರಾತ್ರಿ ಮನೆಯಲ್ಲಿ ಯಾರೂ ಮಲಗಲಿಲ್ಲ, ಮರುದಿನವೂ ಇಲ್ಲ, ಆಮೇಲೆ ಅದೇ ಅಭ್ಯಾಸವಾಯಿತು. ಕಣ್ಣು ಮುಚ್ಚಿದರೆ ನನ್ನ ಹಾಸಿಗೆ ಉರುಳುತ್ತಿತ್ತು. ಅಮ್ಮ ಎದ್ದು ಎದ್ದು ಬಾಗಿಲ ಅಗುಳಿ ನೋಡುತ್ತಿದ್ದಳು. ಅಮ್ಮನಿಗೆ ಪೈಪಿನ ಕಂಟ್ರಾಕ್ಟರನ ಮೇಲೆ ಕೋಪ. "ಅಷ್ಟು ದೊಡ್ಡ ಪೈಪಿಗೆ ಒಂದು ಕಲ್ಲು ಕೊಡೋದಕ್ಕೆ ಆಗಲ್ವಾ ಇವರಿಗೆ? ನಾನೇ ಹೋಗಿ ಕೇಳ್ತೀನಿ" ಎನ್ನುತ್ತಿದ್ದಳು. ಆಗೆಲ್ಲ ಚಿಕ್ಕಪ್ಪ ತಟ್ಟೆಯ ಅನ್ನವನ್ನೇ ನೋಡುತ್ತಿದ್ದ, ಅಜ್ಜಿ ಮಜ್ಜಿಗೆ ತರುವ ನೆಪದಲ್ಲಿ ಎದ್ದು ಹೋಗುತ್ತಿದ್ದಳು. ಮಾತೇ ನಿಲ್ಲದ ಆ ತಾಯಿ ಮಗ ಯಾಕೆ ಮೂಕರಾಗಿದ್ದಾರೆಂದು ನನಗಾಗಲಿ ಅಮ್ಮನಿಗಾಗಲಿ ಹೊಳೆಯಲಿಲ್ಲ.

ಮುನಿಯಪ್ಪ ಬಂದು ವೆರಾಂಡದ ಮೆಟ್ಟಿಲ ಮೇಲೆ ಕೂತ.

"ನಿಮ್ದೇನೂ ತಪ್ಪಿಲ್ಲ ಬುಡ್ರವ್ವ. ಆದ್ರೆ ಮಗಾ ಹೆದ್ರಕೊಂಡದೆ. ಈಗ ಮಾತೂ ಕಮ್ಮಿ ಮಾಡ್ಬುಟ್ಟದೆ. ಸಾಕಲ್ವ ಓದು?"

"ಪರೀಕ್ಷೆ ತನಕ ಬಿಡಪ್ಪ" ಎಂದಳು ಅಮ್ಮ. "ಆಮೇಲೆ ನಿನ್ನಿಷ್ಟ."

"ಆಯ್ತು. ಪಾಸಾದ್ರೆ ಸ್ಕೂಲು, ಇಲ್ಲದಿದ್ರೆ ಹೂವು. ಇದೇ ಮಾತು."

ಲಕ್ಕಿ ಬಂದಳು, ಆದರೆ ಪೈಪಿನ ಕಡೆ ತಿರುಗಿಯೂ ನೋಡಲಿಲ್ಲ. ವೆರಾಂಡದಲ್ಲಿ ಕಾಗದ ಹಿಡಿದರೆ ಮತ್ತೆ ಮೊದಲಿನ ಹಾಗೇ, ತುಟಿ ಅಲುಗುತ್ತದೆ, ದನಿಯಿಲ್ಲ. ಈ ಸಲ ತೂಗುವುದೂ ನಿಂತಿತ್ತು. ಅಮ್ಮ ಬೈಯಲಿಲ್ಲ. ಎಮ್ಮೆಯನ್ನು ಕರೆದ ಹಾಗೆ ಕರಿ ಎಂದಳು, ಹಾಡಿನ ಹಾಗೆ ಹೇಳು ಎಂದಳು, ತಾನೇ ಪಕ್ಕದಲ್ಲಿ ಕೂತು ತೂಗಿದಳು. ಏನೂ ನಡೆಯಲಿಲ್ಲ. ಪರೀಕ್ಷೆ ಹತ್ತಿರ ಬರುತ್ತಿತ್ತು.

ಒಂದು ಸಂಜೆ ಲಕ್ಕಿ ಕಾಲು ತೊಳೆಯಲು ಹಿತ್ತಲಿಗೆ ಹೋದವಳು ಅಲ್ಲೇ ನಿಂತುಬಿಟ್ಟಳು. ಆಮೇಲೆ ವೆರಾಂಡಕ್ಕೆ ಬಂದು, ಬತ್ತಿ ಹೊಸೆಯುತ್ತಿದ್ದ ಅಜ್ಜಿಯ ಮುಂದೆ ನಿಂತಳು. ಪಾಪ, ಯಾವ ದೂರೂ ಇರಲಿಲ್ಲ ಆ ಮುಖದಲ್ಲಿ. ಕಳೆದುಹೋದದ್ದು ಸಿಕ್ಕಿತೆಂಬ ಸಮಾಧಾನ ಮಾತ್ರ.

"ಅಜ್ಜಮ್ಮ, ಪೈಪಿನ್ ಕಲ್ಲು ನಿಮ್ ಒಲೇಲಿ ಐತೆ."

ಅಜ್ಜಿಯ ಕೈಯ ಬತ್ತಿ ನಿಂತಿತು. ಅಮ್ಮ ಒಮ್ಮೆ ಅಜ್ಜಿಯನ್ನು ನೋಡಿದಳು, ಒಮ್ಮೆ ಬಾಗಿಲಲ್ಲಿ ನಿಂತಿದ್ದ ಚಿಕ್ಕಪ್ಪನನ್ನು ನೋಡಿದಳು. ಚಿಕ್ಕಪ್ಪ ಜುಬ್ಬದ ತೋಳು ಮಡಚತೊಡಗಿದ, ಮತ್ತೆ ಬಿಚ್ಚಿದ.

"ನಾನೇ ತಂದೆ ಅತ್ತಿಗೆ. ತಳ್ಳಿ ನೋಡಿದ್ದೆ, ಅಲುಗಿರಲಿಲ್ಲ."

"ಅವನನ್ನ ಅನ್ಬೇಡ" ಎಂದಳು ಅಜ್ಜಿ. "ಯಾರೂ ತುಳೀದೆ ಇರೋ ಕಲ್ಲು ಬೇಕು ಅಂದಿದ್ದು ನಾನು. ಅವತ್ತು ಸಂಜೇನೇ ಗೊತ್ತಾಯ್ತು. ಬಾಯಿ ಬರ್ಲಿಲ್ಲ ನಂಗೆ."

ಜಗಳವಾಗುತ್ತದೆಂದು ನಾನು ಕಾದೆ. ನಮ್ಮ ಮನೆಯಲ್ಲಿ ಕಾಫಿಗೆ ಸಕ್ಕರೆ ಹೆಚ್ಚಾದದ್ದಕ್ಕೇ ಅರ್ಧ ದಿನ ಜಗಳವಾಗುತ್ತಿತ್ತು. ಅಮ್ಮ ಬಗ್ಗಿ ನೆಲದ ಮೇಲಿದ್ದ ಖಾಕಿ ಕಾಗದಗಳನ್ನು ಒಟ್ಟುಮಾಡತೊಡಗಿದಳು. ಬೈದಿದ್ದರೆ ಅಜ್ಜಿಗೆ ಹಗುರವಾಗುತ್ತಿತ್ತೇನೋ. ಲಕ್ಕಿ ಇವರೆಲ್ಲರ ಮುಖ ನೋಡಿ, ತಾನೇನಾದರೂ ತಪ್ಪು ಹೇಳಿದೆನೇ ಎಂದು ಹೆದರಿ ಮನೆಗೆ ಓಡಿದಳು.

ಮರುದಿನ ಮಕ್ಕಳು ಬಂದಾಗ ವೆರಾಂಡದ ನಡುವೆ ಸಂಡಿಗೆಯ ಕೊಳದಪ್ಪಲೆ ಕೂತಿತ್ತು. ಹೊಸ ಕಲಾಯಿಯ ಒಳಮೈ ಫಳಫಳ ಹೊಳೆಯುತ್ತಿತ್ತು. ಅದನ್ನು ಅಡುಗೆಮನೆಯಿಂದ ಅಜ್ಜಿ ಒಬ್ಬಳೇ ಉರುಳಿಸಿಕೊಂಡು ತಂದಿದ್ದಳು. ಅದು ಮಡಿ ಪಾತ್ರೆ. ನಾನು ಶಾಲೆಯ ಲಂಗದಲ್ಲಿ ಅದರ ಹತ್ತಿರ ಸುಳಿದರೂ ಕೂಗಾಡುತ್ತಿದ್ದಳು.

"ಬಾರೇ ಲಕ್ಕಿ, ಇದರೊಳಗೆ ಮುಖ ಇಟ್ಟು ಓದು. ದನಿ ಬರತ್ತೋ ಇಲ್ವೋ ನೋಡೋಣ."

ಲಕ್ಕಿ ಅಮ್ಮನನ್ನು ನೋಡಿದಳು. "ಮುಟ್ಟಿದ್ರೆ ಮೈಲಿಗೆ ಆಗಕ್ಕಿಲ್ವ ಅಜ್ಜಮ್ಮ?"

"ಆದ್ರೆ ಹುಣಸೆಹಣ್ಣು ಹಾಕಿ ತಿಕ್ತೀನಿ. ಇದು ಉರುಳಲ್ಲ, ನೋಡು" ಎಂದು ಅಜ್ಜಿ ಹಿತ್ತಲಿನಿಂದ ಆ ಮೂರು ಕಲ್ಲುಗಳನ್ನೂ ತರಿಸಿ ಕೊಳದಪ್ಪಲೆಯ ಸುತ್ತ ಒತ್ತಿ ಇಟ್ಟಳು.

"ಈಗ ಕೊಡ್ತಿದೀಯಲ್ಲಮ್ಮ ಕಲ್ಲು" ಎಂದ ಚಿಕ್ಕಪ್ಪ.

"ನೀನು ಬಾಯಿ ಮುಚ್ಚು."

ಲಕ್ಕಿ ಎರಡು ಜಡೆಗಳನ್ನೂ ಬೆನ್ನಿಗೆ ಹಾಕಿಕೊಂಡು, ಕಾಗದದ ಸಮೇತ ತಲೆಯನ್ನು ಪಾತ್ರೆಯೊಳಗೆ ತೂರಿಸಿದಳು. ಕಾಗದ ಪಾತ್ರೆಯ ಒಳಮೈಗೆ ಸವರಿ ಸರಸರ ಎಂದಿತು. ಆಮೇಲೆ ಹಿತ್ತಾಳೆ ಗುಂಯ್‌ಗುಟ್ಟಿತು. 'ನಮ್ಮೆಮ್ಮೆ ಕೆರೆಗೆ ಇಳೀತು.' ಕೊನೆಯ ಸಾಲಿಗೆ ಬಂದು, 'ನಮ್ಮವ್ವ ಬಾ ಅಂದ್ರು. ಬಂತು' ಎಂದು ಮುಗಿಸಿ ತಲೆ ಹೊರಗೆ ತೆಗೆದಾಗ ಅವಳ ಮುಖ ಬೆವೆತು ಕೆಂಪಾಗಿತ್ತು.

"ಆಮೇಲೆ?" ಎಂದಳು ಅಜ್ಜಿ.

ಅಮ್ಮನ ಜಾಣತನ ಶುರುವಾದದ್ದು ಆಮೇಲೆ. ದಿನದಿಂದ ದಿನಕ್ಕೆ ಪಾತ್ರೆಯನ್ನು ಲಕ್ಕಿಯಿಂದ ಸ್ವಲ್ಪ ಸ್ವಲ್ಪ ದೂರ ಸರಿಸಿದಳು. ಮೊದಲು ತಲೆ ಒಳಗೆ, ಆಮೇಲೆ ಗದ್ದ ಮಾತ್ರ ಅಂಚಿನ ಮೇಲೆ, ಆಮೇಲೆ ಒಂದು ಮೊಳ ಆಚೆ. ಎಮ್ಮೆ ಹೋಗಿ ಶಾಲೆಯ ಪಾಠ ಬಂತು. ಬೇರೆ ಮಕ್ಕಳಿಗೂ ಪಾತ್ರೆಯೊಳಗೇ ಓದಬೇಕೆಂದು ಹಟ. ಸರತಿಗಾಗಿ ಜಡೆ ಎಳೆದಾಡಿದರು. ಅಜ್ಜಿ ಮೊದಮೊದಲು ಪ್ರತಿ ಸಂಜೆ ಹುಣಸೆಹಣ್ಣು ಹಾಕಿ ತಿಕ್ಕುತ್ತಿದ್ದಳು. ಆಮೇಲೆ ಬರೀ ನೀರು ಚಿಮುಕಿಸಿದಳು. ಆಮೇಲೆ ಅದನ್ನೂ ಮರೆತಳು. ಪುರಿ ಹಂಚುವಾಗ ಕೈ ಕೆಳಗಿಳಿದದ್ದು ಯಾವ ದಿನವೋ, ಗುಬ್ಬಿಗಳಿಗೆ ಮಾತ್ರ ಗೊತ್ತು. ಕೊನೆಗೆ ಪಾತ್ರೆ ವೆರಾಂಡದ ಮೂಲೆಯಲ್ಲಿತ್ತು, ಲಕ್ಕಿ ಅದರ ಕಡೆ ಒಮ್ಮೆ ಕಣ್ಣು ಹಾಯಿಸಿ ಓದಲು ಶುರುಮಾಡುತ್ತಿದ್ದಳು. ಪೈಪನ್ನು ಕೂಲಿಯವರು ಅಷ್ಟರಲ್ಲಿ ಹೂತಿದ್ದರು.

ಪರೀಕ್ಷೆಯ ದಿನ ಅಮ್ಮ ಬೆಳಿಗ್ಗೆಯಿಂದ ಗೇಟಿಗೂ ಒಲೆಗೂ ಓಡಾಡಿದಳು. ಹುಳಿಗೆ ಉಪ್ಪೇ ಹಾಕಿರಲಿಲ್ಲ, ಯಾರೂ ಹೇಳಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಲಂಟಾನ ಪೊದೆಯ ಆಚೆ ಎರಡು ತಲೆ ಕಂಡವು, ಮುನಿಯಪ್ಪನ ರುಮಾಲು, ಅವನ ಮುಂದೆ ಕುಣಿಯುವ ಎರಡು ಜಡೆ. ಮುನಿಯಪ್ಪ ಬಂದವನೇ ಒಂದು ಬುಟ್ಟಿ ಸೇವಂತಿಗೆಯನ್ನು ಮೆಟ್ಟಿಲ ಮೇಲೆ ಸುರಿದ.

"ಹೂವಾ ನಾನೇ ಕಿತ್ತೆ ಕಣ್ರವ್ವ. ಈ ಮಗಾ ಇನ್ನು ಕೀಳಕ್ಕಿಲ್ಲ."

"ಓದಿದ್ಯಾ? ದನಿ ಬಂತಾ?" ಎಂದು ಅಮ್ಮ ಲಕ್ಕಿಯ ಭುಜ ಹಿಡಿದಳು.

"ಬಂತು. ಮೇಷ್ಟ್ರು ಪಾಸು, ಸಾಕು ಕೂತ್ಕೊ ಅಂದ್ರು, ಇನ್ನೊಂದ್ ಸಾಲು ಐತೆ ಸಾರ್ ಅಂದೆ."

ಕಾಗೆಗಳು ಬಿಟ್ಟು ಉಳಿದಿದ್ದ ಸಂಡಿಗೆಯನ್ನು ನಮ್ಮ ಮನೆಯಲ್ಲಿ ಅಲ್ಲಿಯವರೆಗೆ ಯಾರೂ ತಿಂದಿರಲಿಲ್ಲ. ಡಬ್ಬಿಯನ್ನು ಅಜ್ಜಿ ಅಟ್ಟದ ಹಿಂಬದಿಗೆ ತಳ್ಳಿ ಇಟ್ಟಿದ್ದಳು. ಆ ಸಂಜೆ ತಾನೇ ಇಳಿಸಿ, ಬಾಣಲೆ ಇಟ್ಟು, ಎಲ್ಲ ಮಕ್ಕಳಿಗೂ ಕರಿದಳು. ಮೊದಲನೆಯದು ಲಕ್ಕಿಯ ಕೈಗೆ. ಕೈಯಿಂದ ಕೈಗೆ. ಬಿಸಿಯೋ ಬಿಸಿ, ಲಕ್ಕಿ ಅದನ್ನು ಒಂದು ಅಂಗೈಯಿಂದ ಇನ್ನೊಂದಕ್ಕೆ ಹಾರಿಸುತ್ತಾ ತಿಂದಳು.

ಈಗಲೂ ವಾರದಲ್ಲಿ ಎರಡು ಮಧ್ಯಾಹ್ನ ಹತ್ತಿರದ ಶಾಲೆಯೊಂದಕ್ಕೆ ಹೋಗಿ, ಓದಲು ತಡವರಿಸುವ ಮಕ್ಕಳ ಪಕ್ಕ ಕೂರುತ್ತೇನೆ. ಅವರು ಹೇಳಿದ್ದನ್ನು ಬರೆದುಕೊಟ್ಟು ಓದಿಸುತ್ತೇನೆ, ಮುಗಿದ ಮೇಲೆ 'ಆಮೇಲೆ?' ಎನ್ನುತ್ತೇನೆ. ಕೂರುವ ಮುಂಚೆ ಬೆಂಚಿನ ಕಾಲು, ಕಪಾಟಿನ ಬುಡ, ನೀರಿನ ಡ್ರಮ್ಮು ಎಲ್ಲವನ್ನೂ ಒಮ್ಮೆ ಕಾಲಿಂದ ತಳ್ಳಿ ನೋಡುತ್ತೇನೆ. ಟೀಚರುಗಳು ನನಗೆ ಗೊತ್ತಾಗದಂತೆ ನಗುತ್ತಾರೆ. ಶಾಲೆಗೆ ಹೋಗುವ ದಾರಿ ಆ ಹಳೆಯ ಬೀದಿಯದೇ. ಬಸ್ಸು ಬೈಕುಗಳ ಕೆಳಗೆಲ್ಲೋ ಆ ಪೈಪು ಇನ್ನೂ ಇದೆ.

ಸಂಡಿಗೆ ಕರಿದ ಆ ರಾತ್ರಿ ನನ್ನ ಹಾಸಿಗೆ ಅಲುಗಲಿಲ್ಲ. ಮರುದಿನ ನಮ್ಮನ್ನು ಎಬ್ಬಿಸಿದ್ದು ಹಾಲಿನವನು. ಬಾಗಿಲು ಬಡಿದು ಬಡಿದು ಸೋತು, ಹಿತ್ತಲಿಗೆ ಬಂದು ಕಿಟಕಿಯಲ್ಲಿ ಕೂಗುತ್ತಿದ್ದ. ಗಡಿಯಾರಕ್ಕೆ ಕೀ ಕೊಡಲು ಚಿಕ್ಕಪ್ಪ ಮರೆತಿದ್ದ, ಅದು ನಿಂತುಹೋಗಿತ್ತು. ಬಿಸಿಲು ನಡುಮನೆಯವರೆಗೆ ಬಂದಿತ್ತು. ಎಲ್ಲರಿಗಿಂತ ಮೊದಲು ಏಳುವ ಅಜ್ಜಿ, ಗೋಡೆಯ ಕಡೆ ತಿರುಗಿ, ಬಾಯಿ ಸ್ವಲ್ಪ ತೆರೆದು ಇನ್ನೂ ಗೊರಕೆ ಹೊಡೆಯುತ್ತಿದ್ದಳು. ಅಮ್ಮ ಎದ್ದು ಕೂತು ಅವಳನ್ನು ನೋಡಿದಳು, ನನ್ನನ್ನು ನೋಡಿದಳು, ತುಟಿಯ ಮೇಲೆ ಬೆರಳಿಟ್ಟುಕೊಂಡು ಹಾಲಿನ ಪಾತ್ರೆ ಹಿಡಿದು ಸದ್ದಾಗದಂತೆ ಹಿತ್ತಲಿಗೆ ಹೋದಳು.